ದಾಸೋಹದ ರೊಟ್ಟಿ, ನನ್ನ ಕೈ

ಜನವರಿ ಬಂತು ಅಂದ್ರೆ ನಮ್ಮ ಓಣಿಯಲ್ಲಿ ಟಪಟಪ ಅಂತ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ರೊಟ್ಟಿ ಹೋಗುತ್ತವೆ. ಅಲ್ಲಿಯ ಮಹಾದಾಸೋಹಕ್ಕೆ ಲಕ್ಷಗಟ್ಟಲೆ ರೊಟ್ಟಿ ಬೇಕು. ನಮ್ಮೂರಿನ ಹೆಂಗಸರು ಒಂದೊಂದು ಓಣಿಯಲ್ಲಿ ನಾಲ್ಕೈದು ಒಲೆ ಹೂಡಿ ಖಡಕ್ ರೊಟ್ಟಿ ಮಾಡುತ್ತಾರೆ. ಬಿಳಿ ಬಟ್ಟೆಯಲ್ಲಿ ಕಟ್ಟಿ ಟ್ರ್ಯಾಕ್ಟರಿಗೆ ಏರಿಸುತ್ತಾರೆ.

ಎರಡು ವರ್ಷದ ಹಿಂದೆ ನಾನೂ ತವರಿಗೆ ಬಂದು ಅವರ ಜೊತೆ ಕೂತಿದ್ದೆ. ಎಸರು ಹಾಕಿ ಕಲಸಿದ ಹಿಟ್ಟು ಇನ್ನೂ ಬಿಸಿ ಇತ್ತು. ಅವ್ವ ನಾದಿ ಉಂಡೆ ಕೊಡುತ್ತಿದ್ದಳು, ನಾನು ಬಡಿಯುತ್ತಿದ್ದೆ. ಎರಡನೇ ರೊಟ್ಟಿಯನ್ನು ಹಂಚಿಗೆ ಹಾಕುವಾಗ ಎದುರಿನ ಒಲೆಯ ಮುಂದಿದ್ದ ಒಬ್ಬ ಅಕ್ಕ ಹೇಳಿದಳು: "ಆ ಕೈಯಿಂದ ಬ್ಯಾಡ ಬಿಡವಾ ತಂಗಿ. ದಾಸೋಹಕ್ಕ ಹೋಗೋ ರೊಟ್ಟಿ."

ಆ ಕೈ ಅಂದ್ರೆ ನನ್ನ ಕೈ. ಬೆರಳಿನಿಂದ ಮಣಿಕಟ್ಟಿನವರೆಗೆ ಬಿಳಿ ಮಚ್ಚೆ ಇದೆ.

ನನಗೆ 26 ವರ್ಷ ಆದಾಗ ಹೆಬ್ಬೆರಳಿನ ಬುಡದಲ್ಲಿ ತೊಗರಿ ಬೇಳೆಯಷ್ಟು ಬಿಳಿ ಕಾಣಿಸಿತು. ಮೂರು ವರ್ಷದಲ್ಲಿ ಎರಡೂ ಕೈಗೆ ಬಂತು, ತುಟಿಯ ಅಂಚಿಗೂ ಬಂತು. ಚರ್ಮದ ಡಾಕ್ಟರು ವಿಟಿಲಿಗೋ ಅಂದರು. ಜನರು ತೊನ್ನು ಅನ್ನುತ್ತಾರೆ. ಚರ್ಮಕ್ಕೆ ಬಣ್ಣ ಕೊಡುವ ಕಣಗಳನ್ನು ನಮ್ಮ ಮೈಯ ರಕ್ಷಣಾ ವ್ಯವಸ್ಥೆಯೇ ತಪ್ಪಾಗಿ ಹಾಳು ಮಾಡುತ್ತದೆ, ಅದಕ್ಕೆ ಬಣ್ಣ ಹೋಗುತ್ತದೆ. ಮುಟ್ಟಿದರೆ ಅಂಟುವುದಿಲ್ಲ. ಜೊತೆಗೆ ಉಂಡರೂ ಅಂಟುವುದಿಲ್ಲ. ಮುಲಾಮು ಇದೆ, ಬೆಳಕಿನ ಚಿಕಿತ್ಸೆ ಇದೆ. ಮುಖದಲ್ಲಿ ಬಣ್ಣ ಬೇಗ ಮರಳುತ್ತದೆ, ಬೆರಳ ತುದಿಯಲ್ಲಿ ಕಷ್ಟ. ನನಗೂ ಹಾಗೇ ಆಯಿತು. ತುಟಿ ಸುಧಾರಿಸಿತು, ಬೆರಳು ಹಾಗೇ ಉಳಿದವು.

ಹಳೆಯ ಮಂದಿ ಇದಕ್ಕೆ ಶ್ವೇತಕುಷ್ಠ ಅಂತ ಹೆಸರಿಟ್ಟಿದ್ದು ದೊಡ್ಡ ಅನ್ಯಾಯ ಅಂತ ನನಗೆ ಅನಿಸುತ್ತದೆ. ಕುಷ್ಠರೋಗ ಬರುವುದು ಬ್ಯಾಕ್ಟೀರಿಯಾದಿಂದ, ಅದರ ಮಚ್ಚೆಯಲ್ಲಿ ಸ್ಪರ್ಶ ಗೊತ್ತಾಗುವುದಿಲ್ಲ. ಅದಕ್ಕೂ ಪೂರ್ತಿ ವಾಸಿ ಮಾಡುವ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಎರಡಕ್ಕೂ ಸಂಬಂಧವಿಲ್ಲ. ಆದರೆ ಹೆಸರು ಒಂದಾದ ಮೇಲೆ ಭಯವೂ ಒಂದಾಗಿಬಿಟ್ಟಿತು.

ಮೊದಮೊದಲು ಯಾರಾದರೂ ಕೇಳಿದರೆ ನಾನು ಸುಳ್ಳು ಹೇಳುತ್ತಿದ್ದೆ. ಗಂಗಾವತಿ ಬಸ್ಸಿನಲ್ಲಿ ಪಕ್ಕದ ಅಜ್ಜಿ "ಏನವಾ, ಸುಟ್ಟಕೊಂಡಿಯೇನ?" ಅಂದಳು. ಹ್ಞೂಂ ಅಂದೆ. ಎಣ್ಣೆ ಸಿಡಿಯಿತಾ, ನೀರು ಬಿತ್ತಾ, ಯಾವಾಗ, ಯಾರು ಆಸ್ಪತ್ರೆಗೆ ಒಯ್ದರು? ಊರು ಬರುವವರೆಗೆ ಒಂದು ಸುಳ್ಳಿಗೆ ಹತ್ತು ಸುಳ್ಳು ಪೋಣಿಸಿದೆ. ಇಳಿಯುವಾಗ ಆಕೆ ಪ್ರೀತಿಯಿಂದ ಬೆನ್ನು ಸವರಿದಳು. ನನಗೆ ಅಳು ಬಂತು.

ಆಮೇಲೆ ಎಲ್ಲರಿಗೂ ಎಲ್ಲವನ್ನೂ ವಿವರಿಸಲು ಶುರು ಮಾಡಿದೆ. ಮೀನು ತಿಂದು ಹಾಲು ಕುಡಿದಿಯಾ ಅಂತ ಕೇಳಿದವರಿಗೆ, ನಮ್ಮ ಮನೆಯಲ್ಲಿ ಮೀನನ್ನೇ ಬೇಯಿಸುವುದಿಲ್ಲ ಅಂತ ಹೇಳಿದೆ. ನಾಗದೋಷ ಅಂದವರ ಜೊತೆ ವಾದಕ್ಕೆ ನಿಂತೆ. ಗಂಟಲು ಒಣಗುತ್ತಿತ್ತು, ಅವರು ಮಾತ್ರ ಒಪ್ಪುತ್ತಿರಲಿಲ್ಲ. ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದ ದಿನ "ನೀ ಒಳಗ ಇರು" ಅಂತ ಮನೆಯವರೇ ಅಂದರು. ಆ ದಿನದ ಬಗ್ಗೆ ಜಾಸ್ತಿ ಬರೆಯಲಾರೆ.

ನನ್ನ ಯೋಚನೆ ಬದಲಾಗಿದ್ದು ಶಾಲೆಯಲ್ಲಿ. ನಾನು ಐದನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ಒಬ್ಬ ಹುಡುಗಿ ನೋಟ್‌ಬುಕ್ ಕೊಡುತ್ತಾ "ಟೀಚರ್, ಬಿಸಿಲಿಗೆ ಇವು ಉರೀತಾವೇನ್ರಿ?" ಅಂದಳು. ನಮ್ಮ ಕಡೆಯ ಏಪ್ರಿಲ್ ಬಿಸಿಲು ನಿಮಗೆ ಗೊತ್ತಲ್ವಾ? ಬಣ್ಣವಿಲ್ಲದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ನಿಜಕ್ಕೂ ಉರಿಯುತ್ತಿತ್ತು. ಹೌದು ಅಂದೆ. ಮರುದಿನ ಪ್ರಾರ್ಥನೆಯ ಹೊತ್ತಿಗೆ ಆಕೆ ಮನೆಯಿಂದ ಛತ್ರಿ ತಂದು ನನ್ನ ಪಕ್ಕದಲ್ಲಿ ನಿಂತಿದ್ದಳು. ಆಕೆಗೂ ಕುತೂಹಲ ಇತ್ತು. ಆದರೆ ಕೇಳಿದ್ದು ನನಗೋಸ್ಕರ. ಅಂಥ ಪ್ರಶ್ನೆಗೆ ಎಷ್ಟು ಹೊತ್ತಾದರೂ ಕೂತು ಉತ್ತರ ಕೊಡಬಹುದು.

ಒಲೆಯ ಮುಂದೆ ಆ ಅಕ್ಕ ಮಾತಾಡಿದಾಗ ಎಲ್ಲರ ಕೈಯೂ ನಿಂತವು. ಎಂಟು ಹೆಂಗಸರು ಇದ್ದರು. ಎದೆ ಹೊಡೆದುಕೊಳ್ಳುತ್ತಿತ್ತು. ಏಳಬೇಕು ಅನಿಸಿತು. ಆದರೆ ಎದ್ದು ಹೋದರೆ, ಆಕೆ ಹೇಳಿದ್ದೇ ಖರೆ ಅಂತ ಅಲ್ಲಿದ್ದ ಚಿಕ್ಕ ಹುಡುಗಿಯರು ತಿಳಿಯುತ್ತಿದ್ದರು.

"ಯಕ್ಕಾ, ಇದು ಅಂಟೋದಲ್ಲ. ಬಣ್ಣ ಹೋಗೇತಿ, ಅಷ್ಟ. ಈ ಕೈಯಿಂದನ ದಿನಾ ನನ್ನ ಮಗಳಿಗೆ ಉಣಿಸ್ತೀನಿ," ಅಂದೆ. ದನಿ ಸಣ್ಣಗೆ ನಡುಗಿತು. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದೆ.

ಆಕೆ ಬಿಡಲಿಲ್ಲ. "ಮದಿವಿಗಿಂತ ಮೊದ್ಲ ಇತ್ತೇನ? ಗಂಡನ ಮನ್ಯಾಗ ಹೇಳಿದ್ರೇನ? ಮಗಳಿಗೂ ಬಂದ್ರ ಏನ್ ಮಾಡ್ತಿ?"

"ಆ ಕೈಯಿಂದ ಬ್ಯಾಡ" ಅಂದ ಮೊದಲಿನ ಮಾತಿಗೆ ಉತ್ತರ ಕೊಡಲೇಬೇಕಿತ್ತು. ಅದು ತಪ್ಪು ತಿಳುವಳಿಕೆ, ಸುಮ್ನೆ ಬಿಟ್ಟರೆ ಮುಂದೆ ಇನ್ಯಾರನ್ನೋ ಒಲೆಯಿಂದ ಎಬ್ಬಿಸುತ್ತದೆ. ಈ ಪ್ರಶ್ನೆಗಳು ಹಾಗಲ್ಲ, ಇದು ನನ್ನ ಸಂಸಾರ. ಮಗಳ ಬಗ್ಗೆ ಡಾಕ್ಟರನ್ನು ನಾನು ಯಾವತ್ತೋ ಕೇಳಿದ್ದೇನೆ. ಮನೆತನದಲ್ಲಿ ಇದ್ದರೆ ಸಾಧ್ಯತೆ ಸ್ವಲ್ಪ ಜಾಸ್ತಿ, ಆದರೂ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ. ಅದನ್ನು ಅಲ್ಲಿ, ಎಂಟು ಜನರ ಮುಂದೆ, ಆಕೆಗೆ ಒಪ್ಪಿಸುವ ಸಾಲ ನನಗಿರಲಿಲ್ಲ.

"ಅದು ನಮ್ಮ ಮನಿ ಮಾತು ಯಕ್ಕಾ. ಇಲ್ಲಿ ಬ್ಯಾಡ," ಅಂದೆ. ಗಟ್ಟಿಯಾಗಿ ಅಲ್ಲ. ಸಿಟ್ಟಿನಿಂದಲೂ ಅಲ್ಲ.

ಆಕೆ ಮುಖ ತಿರುಗಿಸಿ ತನ್ನ ಒಲೆಗೆ ಕಟ್ಟಿಗೆ ನೂಕಿದಳು. ಮಧ್ಯಾಹ್ನ ಉಣ್ಣುವಾಗ ಪಕ್ಕದ ಮನೆಯ ಗೆಳತಿ ಹತ್ತಿರ ಬಂದು "ನೀ ಹೇಳಿದ್ದು ಭಾಳ ಚಲೋ ಆತು" ಅಂತ ಪಿಸುಗುಟ್ಟಿದಳು. "ನೀ ಅಲ್ಲೇ ಒಂದು ಮಾತು ಅಂದಿದ್ರ ಇನ್ನೂ ಚಲೋ ಆಗ್ತಿತ್ತು" ಅಂದೆ. ಅವಳಿಗೆ ನೋವಾಯಿತು, ಗೊತ್ತು. ಆದರೂ ಹೇಳಬೇಕಿತ್ತು. ಆ ಅಕ್ಕನ ಮಾತಿಗಿಂತ ಉಳಿದವರ ಮೌನವೇ ನನಗೆ ಜಾಸ್ತಿ ಚುಚ್ಚಿತ್ತು.

ಇನ್ನು ಅವ್ವ. ಏಳು ವರ್ಷದಿಂದ ಯಾವ ಮದುವೆಗೆ ಹೋದರೂ "ಕೈ ಸೆರಗಿನಾಗ ಮುಚ್ಚಿಕೋ" ಅಂತ ಕಿವಿಯಲ್ಲಿ ಹೇಳುತ್ತಿದ್ದವಳು ಅವ್ವನೇ. ಆ ಹೊತ್ತಿನಲ್ಲಿ ಅವಳ ಕಡೆ ನೋಡಲು ನನಗೆ ಧೈರ್ಯ ಇರಲಿಲ್ಲ. ಎಲ್ಲರೂ ಸುಮ್ಮನಿದ್ದಾಗ ಪರಾತದಲ್ಲಿ ಹಿಟ್ಟು ನಾದುವ ಸದ್ದು ಕೇಳಿತು. ಅವ್ವ ಏನೂ ಅನ್ನಲಿಲ್ಲ. ಇನ್ನೊಂದು ಉಂಡೆ ಮಾಡಿ ನನ್ನ ಮುಂದೆ ಇಟ್ಟಳು. ಅದು ಮುಗಿಯುತ್ತಲೇ ಮತ್ತೊಂದು.

ಸಂಜೆ ಟ್ರ್ಯಾಕ್ಟರ್ ಬರುವವರೆಗೆ ಬಡಿಯುತ್ತಲೇ ಇದ್ದೆ.