ಮೊದಲು ಕಾರಿನ ಅಡಿ ತೊಳೆಯಿರಿ

ನಾನಿರುವುದು ಹಿಮ ಬೀಳುವ ಊರಿನಲ್ಲಿ. ಚಳಿಗಾಲ ಬಂತೆಂದರೆ ಕಾರು ತೊಳೆಯುವುದನ್ನು ನಾನು ಮುಂದಕ್ಕೆ ಹಾಕುತ್ತಲೇ ಇದ್ದೆ. ನಾಳೆ ಹೇಗಿದ್ದರೂ ಮತ್ತೆ ಗಲೀಜಾಗುತ್ತದೆ, ಕೈ ಬೇರೆ ಮರಗಟ್ಟುತ್ತದೆ, ಚಳಿ ಮುಗಿದ ಮೇಲೆ ನೋಡಿಕೊಂಡರಾಯಿತು ಅಂತ. ಒಂದು ವರ್ಷ ಹಾಗೇ ಬಿಟ್ಟೆ. ಆಮೇಲೆ ಟೈರ್ ಬದಲಾಯಿಸಲು ಕಾರನ್ನು ಮೇಲೆತ್ತಿದಾಗ ಮೆಕ್ಯಾನಿಕ್ ಕರೆದು ಟಾರ್ಚ್ ಬಿಟ್ಟು ತೋರಿಸಿದರು. ಬ್ರೇಕ್ ಪೈಪಿನ ಮೇಲೆಲ್ಲ ಕಂದು ತುಕ್ಕು, ಬೆರಳಲ್ಲಿ ಉಜ್ಜಿದರೆ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ಮೇಲಿನ ಬಣ್ಣ ಮಾತ್ರ ಫಳಫಳ!

ಎಲ್ಲ ಉಪ್ಪಿನ ಕೆಲಸ. ರಸ್ತೆಯ ಮೇಲಿನ ಹಿಮ ಕರಗಲಿ ಅಂತ ಉಪ್ಪು ಸುರಿಯುತ್ತಾರಲ್ಲ, ಆ ಉಪ್ಪುನೀರು ಸಾಕಷ್ಟು ಗಾಢವಾಗಿದ್ದರೆ ಮೈನಸ್ 21 ಡಿಗ್ರಿ ಸೆಲ್ಸಿಯಸ್‌ವರೆಗೂ ಹೆಪ್ಪುಗಟ್ಟುವುದಿಲ್ಲ. ಚಕ್ರ ಅದನ್ನೇ ಚಿಮ್ಮಿಸಿ ಕಾರಿನ ಅಡಿಗೆಲ್ಲ ಬಳಿಯುತ್ತದೆ. ತಮಾಷೆ ಏನು ಗೊತ್ತಾ, ಕೊರೆಯುವ ಚಳಿಯಲ್ಲಿ ತುಕ್ಕು ನಿಧಾನ, ಬೆಚ್ಚಗಿನ ಗ್ಯಾರೇಜಿನಲ್ಲಿ ಒದ್ದೆ ಕಾರನ್ನು ಉಪ್ಪಿನ ಸಮೇತ ನಿಲ್ಲಿಸಿದರೆ ಅದಕ್ಕೆ ಹಬ್ಬ. ನಾನು ಮಾಡುತ್ತಿದ್ದದ್ದೂ ಅದನ್ನೇ, ಕಾರಿಗೆ ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡು.

ಈಗ 10 ದಿನಕ್ಕೋ 15 ದಿನಕ್ಕೋ ಒಮ್ಮೆ, ಹೊರಗೆ 5 ಡಿಗ್ರಿಗಿಂತ ಜಾಸ್ತಿ ಇರುವ ದಿನ ನೋಡಿ, ಮಧ್ಯಾಹ್ನವೇ ತೊಳೆಯುತ್ತೇನೆ. ಸಂಜೆ ತೊಳೆದರೆ ಒಣಗುವಷ್ಟರಲ್ಲಿ ಕತ್ತಲಾಗಿ ನೀರು ಅಲ್ಲಲ್ಲೇ ಗಟ್ಟಿಯಾಗುತ್ತದೆ. ಪ್ರೆಶರ್ ಪೈಪು ಮೊದಲು ಹೋಗುವುದು ಮಡ್‌ಗಾರ್ಡಿನ ಒಳಮೈಗೆ, ಆಮೇಲೆ ಅಡಿಗೆ. ಬಾಗಿಲಿನ ಕೆಳಅಂಚಿನಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ, ಕೆಸರು ತುಂಬಿದ್ದರೆ ಅವನ್ನೂ ಬಿಡಿಸಿ. ಬಾನೆಟ್ಟು, ಬಾಗಿಲು ಕೊನೆಗೆ.

ಮೇಲ್ಮೈಯನ್ನು ಮೊದಲು ಬರೀ ನೀರಲ್ಲಿ ನೆನೆಸಿ, ಮರಳೆಲ್ಲ ಇಳಿದುಹೋಗಲಿ. ಹಾಗೇ ಬಟ್ಟೆ ಹಾಕಿ ಉಜ್ಜಿದರೆ ಮರಳು ಕಾಗದದಲ್ಲಿ ತಿಕ್ಕಿದ ಹಾಗೆ ಗೀರು ಬೀಳುತ್ತದೆ, ಬಿಸಿಲಿಗೆ ಹಿಡಿದರೆ ಜೇಡರ ಬಲೆ ಥರ ಕಾಣುತ್ತದೆ. ಬಕೆಟ್ ಎರಡಿರಲಿ, ಒಂದರಲ್ಲಿ ಶಾಂಪೂ, ಇನ್ನೊಂದು ಬಟ್ಟೆ ಜಾಲಿಸೋಕೆ. ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ, ಬಣ್ಣ ಕಾಪಾಡಲು ಹಚ್ಚಿದ ವ್ಯಾಕ್ಸನ್ನೂ ಎತ್ತಿಕೊಂಡು ಹೋಗುತ್ತದೆ. ವ್ಯಾಕ್ಸ್ ಅಂತೂ ಚಳಿ ಶುರುವಾಗುವ ಮೊದಲೇ ಆಗಬೇಕು. ನೀರು ಮಣಿ ಮಣಿಯಾಗಿ ಉರುಳುತ್ತಿರುವವರೆಗೆ ಅದು ಇದೆ ಅಂತ ಲೆಕ್ಕ.

ಇನ್ನು ಒರೆಸುವುದು. ಇದರಲ್ಲಿ ನನಗೆ ಸರಿಯಾಗಿ ಬುದ್ಧಿ ಬಂದಿದೆ. ಒಮ್ಮೆ ಬಾಗಿಲಿನ ರಬ್ಬರ್ ಒರೆಸದೆ ಬಿಟ್ಟಿದ್ದೆ, ಬೆಳಿಗ್ಗೆ ನೋಡಿದರೆ ನಾಲ್ಕೂ ಬಾಗಿಲು ಅಂಟಿಕೊಂಡಿವೆ. ಎಳೆದ ರಭಸಕ್ಕೆ ರಬ್ಬರ್ ಹರಿಯಿತು, ಕೊನೆಗೆ ಡಿಕ್ಕಿಯಿಂದ ಒಳಗೆ ತೂರಿದೆ. ಪಕ್ಕದ ಮನೆಯವರು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು, ಇರಲಿ ಬಿಡಿ. ಈಗ ರಬ್ಬರ್ ಒರೆಸಿ, ಅಂಟದಿರಲಿ ಅಂತ ತೆಳ್ಳಗೆ ಸಿಲಿಕೋನ್ ಎಣ್ಣೆ ಸವರುತ್ತೇನೆ.

ತೊಳೆದ ಕೂಡಲೇ ಕಾರನ್ನು ನಿಲ್ಲಿಸಿಬಿಡಬೇಡಿ. ಹತ್ತು ನಿಮಿಷ ಓಡಿಸಿ, ಖಾಲಿ ರಸ್ತೆಯಲ್ಲಿ ನಾಲ್ಕೈದು ಸಲ ಮೆಲ್ಲಗೆ ಬ್ರೇಕ್ ಒತ್ತಿ. ಡಿಸ್ಕ್ ಬಿಸಿಯಾಗಿ ಒಣಗುತ್ತದೆ. ಮೊದಲೆರಡು ಸಲ ಕರ್ ಅಂತ ಸದ್ದು ಬಂದರೆ ಗಾಬರಿ ಬೇಡ.