ಹ್ಯಾಂಡ್ ಲಗೇಜ್ ಸಾಕಾ, ಚೆಕ್-ಇನ್ ಬೇಕಾ?

ಟಿಕೆಟ್ ಕೈಗೆ ಬಂದ ಮೇಲೆ, ಇನ್ನೇನು ಎದ್ದು ಹೊರಡಬೇಕು ಅನ್ನುವಾಗ ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ. "ಮೇಡಂ, ಬರೀ ಹ್ಯಾಂಡ್ ಲಗೇಜಲ್ಲಿ ಹೋಗಿ ಬರಬಹುದಾ? ಇಲ್ಲ ಸೂಟ್‌ಕೇಸ್ ಚೆಕ್-ಇನ್‌ಗೆ ಹಾಕ್ಬೇಕಾ?" ಮೈಸೂರಿನಲ್ಲಿ ವಿಮಾನದ ಟಿಕೆಟ್ ಮಾಡಿಕೊಡುವುದೇ ನನ್ನ ಕೆಲಸ. ದರ, ಹೊರಡುವ ಹೊತ್ತು, ಕಿಟಕಿ ಸೀಟು ಇವುಗಳ ಬಗ್ಗೆ ಎಷ್ಟು ಸಲ ಕೇಳುತ್ತಾರೋ ಅಷ್ಟೇ ಸಲ ಇದನ್ನೂ ಕೇಳುತ್ತಾರೆ.

ಕೇಳುವವರು ಜೊತೆಗೇ "ನಾಲ್ಕೇ ದಿನ" ಅಂತಲೋ "ಆರು ತಿಂಗಳು ಇರ್ತೀವಿ" ಅಂತಲೋ ಸೇರಿಸುತ್ತಾರೆ. ದಿನದ ಲೆಕ್ಕದ ಮೇಲೆ ಉತ್ತರ ಬರುತ್ತದೆ ಅನ್ನುವುದು ಅವರ ಎಣಿಕೆ. ನಾನು ಬೇರೆ ಎರಡು ಕೇಳುತ್ತೇನೆ. ಯಾರು ಹೋಗ್ತಿರೋದು? ಯಾರಿಗೆ ಏನು ತಗೊಂಡು ಹೋಗ್ತಿರೋದು?

ಒಬ್ಬರಿಗೆ ತಮಗೆ ಅಂತ ಬೇಕಾಗುವುದು ಹೆಚ್ಚು ಕಮ್ಮಿ ಏಳು ಕೆಜಿಯೊಳಗೆ ಮುಗಿಯುತ್ತದೆ. ನಾಲ್ಕು ದಿನವಾದರೂ ಅಷ್ಟೇ, ಇಪ್ಪತ್ತು ದಿನವಾದರೂ ಅಷ್ಟೇ, ಬಟ್ಟೆ ಒಗೆದು ಹಾಕಿಕೊಳ್ಳಬಹುದು. ಅದರ ಮೇಲೆ ತುಂಬುವುದೆಲ್ಲ ಬೇರೆಯವರಿಗೋಸ್ಕರ. ಮಗಳಿಗೆ ಸಾರಿನ ಪುಡಿ, ಮೊಮ್ಮಗುವಿಗೆ ರೇಷ್ಮೆ ಲಂಗ, ಅಳಿಯನಿಗೆ ಇಷ್ಟ ಅಂತ ಕೋಡುಬಳೆ. ಆ ಹೊರೆಗಾಗಿಯೇ ಚೆಕ್-ಇನ್ ಇರುವುದು. ಇನ್ನು ಹೊರುವ ಶಕ್ತಿ ಕಮ್ಮಿ ಇರುವವರಿಗೆ, ಸಾಮಾನು ಎಷ್ಟೇ ಇರಲಿ, ಚೆಕ್-ಇನ್ನೇ ಸರಿ. ನನ್ನ ಉತ್ತರ ಇಷ್ಟೇ. ಯಾಕೆ ಅನ್ನುವುದನ್ನು ಹೇಳುತ್ತೇನೆ.

ಮೊದಲು ದೇಶದೊಳಗಿನ ಪ್ರಯಾಣ. ಇಲ್ಲಿ ಸಾಮಾನ್ಯವಾಗಿ ಕ್ಯಾಬಿನ್‌ಗೆ 7 ಕೆಜಿ, ಚೆಕ್-ಇನ್‌ಗೆ 15 ಕೆಜಿ. ಆಫೀಸ್ ಕೆಲಸಕ್ಕೋ ಮದುವೆಗೋ ಎರಡು ದಿನ ದಿಲ್ಲಿಗೆ ಹೋಗಿಬರುವವರಿಗೆ ನಾನು ಹ್ಯಾಂಡ್ ಲಗೇಜೇ ಸಾಕು ಅನ್ನುತ್ತೇನೆ. "ಹದಿನೈದು ಕೆಜಿಗೂ ದುಡ್ಡು ಕೊಟ್ಟಿದ್ದೀವಲ್ಲ, ಸುಮ್ನೆ ಯಾಕೆ ಬಿಡೋದು?" ಅನ್ನುವವರಿದ್ದಾರೆ. ದುಡ್ಡಿನ ಮಾತಾದರೆ, ಚೆಕ್-ಇನ್ ಇಲ್ಲದ ಟಿಕೆಟನ್ನು ಕಮ್ಮಿ ದರಕ್ಕೆ ಕೊಡಲು 2021ರ ಫೆಬ್ರವರಿಯಲ್ಲೇ ಡಿಜಿಸಿಎ, ಅಂದರೆ ವಿಮಾನಯಾನದ ನಿಯಮ ಮಾಡುವ ಸರ್ಕಾರಿ ಇಲಾಖೆ, ಅವಕಾಶ ಕೊಟ್ಟಿದೆ. ಆ ದರ ಸಿಕ್ಕರೆ ತಗೊಳ್ಳಿ. ಆದರೆ ಆಮೇಲೆ ಮನಸ್ಸು ಬದಲಾಯಿಸಿ ಕೌಂಟರ್‌ನಲ್ಲಿ ಸೂಟ್‌ಕೇಸ್ ಇಟ್ಟರೆ ಉಳಿಸಿದ್ದಕ್ಕಿಂತ ಜಾಸ್ತಿ ಕೊಡಬೇಕಾಗುತ್ತದೆ.

ಹ್ಯಾಂಡ್ ಲಗೇಜಿನ ನಿಜವಾದ ಲಾಭ ಇಳಿದ ಮೇಲೆ ಗೊತ್ತಾಗುವುದು. ವಿಮಾನದ ಎಂಜಿನ್ ಆರಿಸಿದ ಹತ್ತು ನಿಮಿಷಕ್ಕೆ ಮೊದಲ ಬ್ಯಾಗು, ಮೂವತ್ತು ನಿಮಿಷದೊಳಗೆ ಕೊನೆಯ ಬ್ಯಾಗು ಬೆಲ್ಟ್ ಮೇಲೆ ಬರಬೇಕು ಅಂತ 2024ರ ಫೆಬ್ರವರಿಯಲ್ಲಿ ಬಿಸಿಎಎಸ್, ಅಂದರೆ ವಿಮಾನ ಭದ್ರತೆಯ ಇಲಾಖೆ, ಏಳು ಕಂಪನಿಗಳಿಗೆ ಸೂಚನೆ ಕೊಟ್ಟಿತ್ತು. ಅದು ಸರಿಯಾಗಿ ನಡೆದರೂ ಅರ್ಧ ಗಂಟೆ ಹೋಯಿತಲ್ಲ. ಬೆಂಗಳೂರಿನವರಿಗೆ ಅರ್ಧ ಗಂಟೆ ದೊಡ್ಡದಲ್ಲದಿರಬಹುದು. ದೇವನಹಳ್ಳಿಯಿಂದ ಫ್ಲೈಬಸ್ ಹಿಡಿದು ಮೈಸೂರು ಸೇರಬೇಕಾದ ನಮ್ಮವರಿಗೆ, ಆ ಅರ್ಧ ಗಂಟೆಯಲ್ಲಿ ಬಸ್ಸು ಹೊರಟಿರುತ್ತದೆ.

ಒಂದು ವಿಷಯ ಮಾತ್ರ ತುಂಬ ಜನ ಮರೆಯುತ್ತಾರೆ. ಗಟ್ಟಿ ಟ್ರಾಲಿ ಬ್ಯಾಗು ಖಾಲಿ ಇದ್ದಾಗಲೇ ಎರಡೂವರೆ, ಮೂರು ಕೆಜಿ ತೂಗುತ್ತದೆ. ಏಳರಲ್ಲಿ ಮೂರು ಹೋದರೆ ಉಳಿಯುವುದು ನಾಲ್ಕು. ಬೆನ್ನಿಗೆ ಹಾಕಿಕೊಳ್ಳುವ ಬಟ್ಟೆಯ ಬ್ಯಾಗು ಒಂದು ಕೆಜಿಯೂ ಇರುವುದಿಲ್ಲ. ಹ್ಯಾಂಡ್ ಲಗೇಜಲ್ಲಿ ಹೋಗುವುದೇ ಆದರೆ ಟ್ರಾಲಿ ಮನೆಯಲ್ಲೇ ಇರಲಿ.

ಶಿವಮೊಗ್ಗ, ಹುಬ್ಬಳ್ಳಿ ಕಡೆ ಹೋಗುವವರಿಗೆ ಇನ್ನೊಂದು ಮಾತು. ಈ ಊರುಗಳಿಗೆ ಎಟಿಆರ್ 72 ವಿಮಾನ ಹಾರುವುದುಂಟು. ರೆಕ್ಕೆ ಮೇಲೆ ಫ್ಯಾನು ತಿರುಗುತ್ತದಲ್ಲ, ಅದು. ಅದರಲ್ಲಿ ತಲೆ ಮೇಲಿನ ಗೂಡು ಚಿಕ್ಕದು. ಏಳು ಕೆಜಿಯೊಳಗಿದ್ದರೂ ಟ್ರಾಲಿ ಅದರಲ್ಲಿ ಹಿಡಿಸದೆ, ಹತ್ತುವ ಮೆಟ್ಟಿಲ ಹತ್ತಿರವೇ ಟ್ಯಾಗ್ ಕಟ್ಟಿ ಚೆಕ್-ಇನ್ ಸಾಮಾನಿನ ಗೂಡಿಗೆ ಕಳಿಸುತ್ತಾರೆ. ಆ ಗಡಿಬಿಡಿಯಲ್ಲಿ ಕೈ ಹಾಕಿ ತೆಗೆದುಕೊಳ್ಳಬೇಕಾದ್ದು ಮೂರು: ಪವರ್ ಬ್ಯಾಂಕ್, ಮಾತ್ರೆ, ಲ್ಯಾಪ್‌ಟಾಪ್. ಇವನ್ನು ಬೇರೆ ಚಿಕ್ಕ ಚೀಲದಲ್ಲಿಟ್ಟು, ಆ ಚೀಲವನ್ನು ಟ್ರಾಲಿಯೊಳಗೆ ಮೇಲ್ಗಡೆ ಇಟ್ಟಿದ್ದರೆ ಒಂದೇ ಸಲಕ್ಕೆ ಎತ್ತಿಕೊಳ್ಳಬಹುದು.

ಪವರ್ ಬ್ಯಾಂಕ್ ವಿಷಯದಲ್ಲಿ ನಾನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಅದು ಚೆಕ್-ಇನ್‌ಗೆ ಹೋಗಲೇಬಾರದು. ಒಳಗಿರುವ ಲಿಥಿಯಂ ಬ್ಯಾಟರಿ ಕೆಟ್ಟು ಬಿಸಿಯೇರಲು ಶುರುವಾದರೆ ತನ್ನಷ್ಟಕ್ಕೆ ತಾನೇ ಇನ್ನೂ ಬಿಸಿಯಾಗುತ್ತಾ ಹೋಗುತ್ತದೆ. ಕೆಳಗಿನ ಗೂಡಿನಲ್ಲಿ ಬೆಂಕಿ ಆರಿಸುವ ಗ್ಯಾಸ್ ಇರುತ್ತದೆ, ನಿಜ. ಅದು ಜ್ವಾಲೆಯನ್ನು ಅಡಗಿಸಬಹುದು, ಬ್ಯಾಟರಿಯೊಳಗಿನ ಬಿಸಿಯನ್ನು ನಿಲ್ಲಿಸುವುದಿಲ್ಲ. ಕ್ಯಾಬಿನ್‌ನಲ್ಲಾದರೆ ಹೊಗೆ ಕಂಡ ತಕ್ಷಣ ಸಿಬ್ಬಂದಿ ನೀರು ಸುರಿದು ತಣ್ಣಗೆ ಮಾಡಬಹುದು. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಏರ್ ಬುಸಾನ್ ವಿಮಾನವೊಂದು ಹೊರಡುವ ಮೊದಲೇ ನೆಲದ ಮೇಲೆ ಸುಟ್ಟುಹೋಯಿತು. ಬೆಂಕಿ ಕಾಣಿಸಿದ್ದು ತಲೆ ಮೇಲಿನ ಗೂಡಿನಲ್ಲಿ, ಅನುಮಾನ ಹೋಗಿದ್ದು ಪವರ್ ಬ್ಯಾಂಕ್ ಮೇಲೆ. ಪುಣ್ಯಕ್ಕೆ ಎಲ್ಲರೂ ಇಳಿದು ಪಾರಾದರು. ಹಾಗಾಗಿ ಪವರ್ ಬ್ಯಾಂಕನ್ನು ಮೇಲಿನ ಗೂಡಿಗೂ ಹಾಕಬೇಡಿ, ಕಣ್ಣೆದುರಿಗೇ ಇರಲಿ. 100 ವ್ಯಾಟ್-ಅವರ್ ವರೆಗೆ ಕೇಳದೆ ಒಯ್ಯಬಹುದು. ಅಂಗಡಿಯಲ್ಲಿ ಸಿಗುವ 20,000 ಎಂಎಎಚ್‌ನದು ಸುಮಾರು 74 ಆಗುತ್ತದೆ, ಅಡ್ಡಿಯಿಲ್ಲ.

ಈಗ ಫಾರಿನ್ ಪ್ರಯಾಣಕ್ಕೆ ಬರುತ್ತೇನೆ. ಹೆಚ್ಚು ಮಾತಾಡಬೇಕಾದ್ದು ಇಲ್ಲೇ.

ಇಂಟರ್ನೆಟ್ ತುಂಬ "ಒಂದೇ ಬ್ಯಾಗಲ್ಲಿ ಪ್ರಪಂಚ ಸುತ್ತಿ" ಅನ್ನುವ ಉಪದೇಶ ಇದೆ. ಒಂಟಿಯಾಗಿ ತಿರುಗುವ ಹುಡುಗ ಹುಡುಗಿಯರಿಗೆ ಅದು ಒಳ್ಳೆಯ ಮಾತೇ. ಯುರೋಪಿನ ಅಗ್ಗದ ವಿಮಾನಗಳಲ್ಲಿ ಪುಕ್ಕಟೆ ಬಿಡುವುದು ಸೀಟಿನ ಕೆಳಗೆ ಹೋಗುವಷ್ಟು ಚಿಕ್ಕ ಚೀಲ ಮಾತ್ರ. ಅಲ್ಲಿ ಓದುತ್ತಾ ಊರು ಸುತ್ತುವ ಮಕ್ಕಳು ಅದರಲ್ಲೇ ಮುಗಿಸುವುದನ್ನು ಕಲಿತಿರುತ್ತಾರೆ. ಆದರೆ ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೊರಟ ತಾಯಿಗೆ ಈ ಉಪದೇಶ ಮಾಡಿದರೆ ಅರ್ಥವಿದೆಯಾ? ಅವರ ಸೂಟ್‌ಕೇಸಿನಲ್ಲಿ ಅಂಟಿನುಂಡೆ ಇರುತ್ತದೆ, ಮಗುವಿಗೆ ಹಾಸಲು ಹಳೆಯ ಮೆತ್ತನೆ ಸೀರೆ ಇರುತ್ತದೆ. ಅವರು ಹೋಗುತ್ತಿರುವುದೇ ಅದಕ್ಕೆ. ಇಲ್ಲಿಂದ ಅಮೆರಿಕಕ್ಕೆ ಹೋಗುವವರಿಗೆ ಸಾಮಾನ್ಯವಾಗಿ 23 ಕೆಜಿಯ ಎರಡು ಸೂಟ್‌ಕೇಸ್ ಬಿಡುತ್ತಾರೆ. ತುಂಬಿಸಿಕೊಂಡು ಹೋಗಲಿ.

ನಮ್ಮ ಅಡುಗೆಮನೆಯ ಅರ್ಧ ಸಾಮಾನಿಗೆ ಕ್ಯಾಬಿನ್‌ನಲ್ಲಿ ಜಾಗವೂ ಇಲ್ಲ. ಅಂತರರಾಷ್ಟ್ರೀಯ ವಿಮಾನದಲ್ಲಿ ದ್ರವಕ್ಕೆ 100 ಎಂಎಲ್ ಮಿತಿ ಬಂದದ್ದು 2006ರಲ್ಲಿ, ಲಂಡನ್ನಿನಿಂದ ಹಾರುವ ವಿಮಾನಗಳಲ್ಲಿ ದ್ರವ ಸ್ಫೋಟಕ ಇಡುವ ಸಂಚು ಸಿಕ್ಕಿಬಿದ್ದ ಮೇಲೆ. ಅಳತೆ ಬಾಟಲಿಯದು, ಒಳಗೆ ಎಷ್ಟಿದೆ ಅನ್ನುವುದಲ್ಲ. ಇನ್ನೂರು ಎಂಎಲ್ ಬಾಟಲಿಯ ತಳದಲ್ಲಿ ಒಂದು ಚಮಚ ಕೊಬ್ಬರಿ ಎಣ್ಣೆ ಇದ್ದರೂ ತೆಗೆದಿಡುತ್ತಾರೆ. ತುಪ್ಪವನ್ನೂ ಉಪ್ಪಿನಕಾಯಿಯನ್ನೂ ದ್ರವದ ಲೆಕ್ಕಕ್ಕೇ ಹಿಡಿಯುತ್ತಾರೆ. ಪುಡಿ ಆದರೂ ನಿಶ್ಚಿಂತೆಯಿಲ್ಲ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 2018ರಿಂದ ಪುಡಿಗೂ ನಿಯಮ ಇದೆ. 350 ಎಂಎಲ್ ಡಬ್ಬಿಯಷ್ಟೋ ಅದಕ್ಕಿಂತ ಜಾಸ್ತಿಯೋ ಇದ್ದರೆ ಬೇರೆ ಪರೀಕ್ಷೆ ಮಾಡುತ್ತಾರೆ, ಏನೆಂದು ಖಚಿತವಾಗದಿದ್ದರೆ ಬಿಡುವುದಿಲ್ಲ. ಹುಳಿಪುಡಿ, ಚಟ್ನಿಪುಡಿ ಎಲ್ಲ ಕೆಳಗೇ ಹೋಗಲಿ.

ತೆಂಗಿನಕಾಯಿಯ ಕಥೆಯೇ ಬೇರೆ. ಎಣ್ಣೆ ಅಂಶ ಇರುವುದರಿಂದ ಬೆಂಕಿ ಹಿಡಿಯಬಹುದು ಅಂತ ನಮ್ಮಲ್ಲಿ ಅದನ್ನು ಕ್ಯಾಬಿನ್‌ಗೆ ಬಿಡುವುದಿಲ್ಲ. ಶಬರಿಮಲೆಗೆ ಹೋಗುವವರ ಇರುಮುಡಿಯಲ್ಲಿ ತುಪ್ಪ ತುಂಬಿದ ಕಾಯಿ ಇರಲೇಬೇಕಲ್ಲ, ಅದಕ್ಕಾಗಿ 2024ರ ಅಕ್ಟೋಬರ್‌ನಲ್ಲಿ ಸರ್ಕಾರ ಪ್ರತ್ಯೇಕ ಅನುಮತಿ ಕೊಡಬೇಕಾಯಿತು, ಅದೂ 2025ರ ಜನವರಿ 20ರವರೆಗೆ ಮಾತ್ರ. ಇಡೀ ಒಣಕೊಬ್ಬರಿಯನ್ನಂತೂ ಚೆಕ್-ಇನ್‌ನಲ್ಲೂ ಇಡಬೇಡಿ. ಹಾಗೆಯೇ ಹಸಿ ಕರಿಬೇವು. ಅದು ನಿಂಬೆ, ಕಿತ್ತಳೆಯ ಕುಲಕ್ಕೇ ಸೇರಿದ ಗಿಡ. ಆ ತೋಟಗಳನ್ನು ಹಾಳುಮಾಡುವ ರೋಗ ಹರಡುವ ಕೀಟ ಅದರ ಎಲೆಯಲ್ಲಿ ಬರಬಹುದು ಅಂತ ಅಮೆರಿಕದವರು ಒಳಗೆ ಬಿಡುವುದಿಲ್ಲ. ಸೂಟ್‌ಕೇಸಿನಲ್ಲಿ ತಿನ್ನುವ ಪದಾರ್ಥ ಏನೇ ಇದ್ದರೂ ಅಲ್ಲಿ ಇಳಿದಾಗ "ಇದೆ" ಅಂತಲೇ ಹೇಳಿ. ಹೇಳಿದರೆ ಹೆಚ್ಚೆಂದರೆ ಒಂದು ಪೊಟ್ಟಣ ತೆಗೆದಿಟ್ಟುಕೊಳ್ಳುತ್ತಾರೆ. ಮುಚ್ಚಿಟ್ಟರೆ ದಂಡ ಬೀಳುತ್ತದೆ.

ಉಪ್ಪಿನಕಾಯಿ ಕಟ್ಟುವ ಬಗೆಯನ್ನು ನಮ್ಮ ಹತ್ತಿರ ಬರುವ ಹೆಂಗಸರೇ ನನಗೆ ಹೇಳಿಕೊಟ್ಟರು. ಬಾಟಲಿಯನ್ನು ಕಂಠದವರೆಗೆ ತುಂಬಬಾರದು, ಎರಡು ಬೆರಳು ಜಾಗ ಬಿಡಬೇಕು. ಬಾಯಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುಗಿಸಿ, ಸುತ್ತ ಟೇಪ್ ಸುತ್ತಬೇಕು. ಆಮೇಲೆ ಒಂದರೊಳಗೊಂದು ಎರಡು ಜಿಪ್ ಕವರ್. ಕೊನೆಗೆ ಹಳೆಯ ಪಂಚೆಯಲ್ಲಿ ಸುತ್ತಿ, ಸೂಟ್‌ಕೇಸಿನ ನಡುವೆ, ನಾಲ್ಕೂ ಕಡೆ ಬಟ್ಟೆ ಇರುವ ಹಾಗೆ ಇಡಬೇಕು. ರೇಷ್ಮೆ ಸೀರೆ ಇನ್ನೊಂದು ಸೂಟ್‌ಕೇಸಿಗೆ. ಪುಡಿಗಳನ್ನಾದರೆ ಮೈಸೂರಿನ ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ, ಫಾರಿನ್‌ಗೆ ಅಂದರೆ ಸಾಕು, ಚಪ್ಪಟೆ ಪೊಟ್ಟಣ ಮಾಡಿ ಸೀಲ್ ಹಾಕಿ ಕೊಡುತ್ತಾರೆ.

ತೂಕವನ್ನು ಮನೆಯಲ್ಲೇ ನೋಡಿ. ಸೂಟ್‌ಕೇಸಿನ ಹಿಡಿಗೆ ಸಿಕ್ಕಿಸಿ ಎತ್ತುವ ಚಿಕ್ಕ ತೂಕದ ಯಂತ್ರ ಸಿಗುತ್ತದೆ. 22 ಬಂದರೆ ನಿಲ್ಲಿಸಿ. ಕೌಂಟರ್ ಎದುರು ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿಕೊಂಡು, ಹಿಂದೆ ಸಾಲು ನಿಂತಿರುವಾಗ, ಯಾವ ಡಬ್ಬಿ ಬಿಡಲಿ ಅಂತ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡುವುದನ್ನು ಕಂಡರೆ ಸಂಕಟವಾಗುತ್ತದೆ. ಜಾಸ್ತಿ ತೂಕಕ್ಕೆ ದುಡ್ಡು ಕಟ್ಟಿದರೂ ಒಂದು ಸೂಟ್‌ಕೇಸ್ 32 ಕೆಜಿ ದಾಟುವಂತಿಲ್ಲ. ಅದನ್ನು ಎತ್ತಿ ಹಾಕುವವರ ಸೊಂಟವನ್ನೂ ಯೋಚಿಸಬೇಕಲ್ಲ.

"ಚೆಕ್-ಇನ್ ಮಾಡಿದ್ದು ಕಳೆದುಹೋದರೆ?" ಅನ್ನುವ ಹೆದರಿಕೆ ಎಲ್ಲರಿಗೂ ಇದೆ. ಏರ್‌ಪೋರ್ಟುಗಳ ಬ್ಯಾಗೇಜ್ ವ್ಯವಸ್ಥೆ ನೋಡುವ ಸೀಟಾ ಸಂಸ್ಥೆಯ ಲೆಕ್ಕದ ಪ್ರಕಾರ, 2024ರಲ್ಲಿ ಪ್ರಪಂಚದಾದ್ಯಂತ ಸಾವಿರ ಪ್ರಯಾಣಿಕರಿಗೆ 6.3 ಬ್ಯಾಗುಗಳು ತಡವಾದವು, ಹಾಳಾದವು ಇಲ್ಲವೇ ಕಳೆದವು. 2007ರಲ್ಲಿ ಇದು 18ಕ್ಕೂ ಜಾಸ್ತಿ ಇತ್ತು. ತಡವಾಗುವುದೇ ಇದರಲ್ಲಿ ಹೆಚ್ಚು, ಅದೂ ನಡುವೆ ವಿಮಾನ ಬದಲಾಯಿಸುವ ಕಡೆ. ಬೆಲ್ಟ್ ಖಾಲಿಯಾದರೂ ನಿಮ್ಮದು ಬರದಿದ್ದರೆ ಏರ್‌ಪೋರ್ಟ್ ಬಿಟ್ಟು ಹೊರಗೆ ಬರಬೇಡಿ. ಅಲ್ಲೇ ಬ್ಯಾಗೇಜ್ ಕೌಂಟರ್‌ನಲ್ಲಿ ಪಿಐಆರ್ ಅನ್ನುವ ದೂರು ಬರೆಸಿ, ಅದರ ನಂಬರ್ ಇಟ್ಟುಕೊಳ್ಳಿ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮಾಂಟ್ರಿಯಲ್ ಒಪ್ಪಂದದ ನಿಯಮ ಇದೆ. ಹಾಳಾಗಿದ್ದರೆ ಏಳು ದಿನದೊಳಗೆ ಬರೆದು ಕೊಡಬೇಕು. 21 ದಿನವಾದರೂ ಬರದಿದ್ದರೆ ಕಳೆದುಹೋಯಿತು ಅಂತಲೇ ಲೆಕ್ಕ. ಪರಿಹಾರದ ಮಿತಿ ಈಗ 1,519 ಎಸ್‌ಡಿಆರ್ (ಇದು ಐಎಂಎಫ್‌ನ ಲೆಕ್ಕದ ಹಣ), ಅಂದರೆ ಎರಡು ಸಾವಿರ ಡಾಲರ್ ಆಸುಪಾಸು. ದೇಶದೊಳಗಿನ ಪ್ರಯಾಣದಲ್ಲಿ 20,000 ರೂಪಾಯಿ. ಮದುವೆ ಒಡವೆಗೆ ಅದು ಯಾವ ಮೂಲೆಗೆ? ಬಂಗಾರ ಯಾವತ್ತೂ ಕೈಯಲ್ಲೇ ಇರಬೇಕು.

ಕೊನೆಯದಾಗಿ, ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರದ ವಿಷಯ. ಮಕ್ಕಳು ಫೋನಿನಲ್ಲಿ ಹೇಳುತ್ತಾರೆ, "ಅಮ್ಮ, ಇಲ್ಲಿ ಎಲ್ಲಾ ಸಿಗತ್ತೆ, ಬರೀ ಹ್ಯಾಂಡ್ ಲಗೇಜಲ್ಲಿ ಬಂದ್ಬಿಡಿ, ಬೆಲ್ಟ್ ಹತ್ರ ಕಾಯೋದು ತಪ್ಪತ್ತೆ." ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಎಪ್ಪತ್ತು ವರ್ಷದವರಿಗೆ ಬೆಲ್ಟ್ ಹತ್ತಿರ ಕಾಯುವುದು ಕಷ್ಟವಲ್ಲ. ಏಳು ಕೆಜಿಯನ್ನು ತಲೆಗಿಂತ ಮೇಲೆ ಎತ್ತಿ ಗೂಡಿಗೆ ಇಡುವುದು ಕಷ್ಟ. ನಡುವೆ ಇಳಿಯುವ ದೊಡ್ಡ ಏರ್‌ಪೋರ್ಟಿನಲ್ಲಿ ಅದನ್ನು ಎಳೆದುಕೊಂಡು ಇಪ್ಪತ್ತು ನಿಮಿಷ ನಡೆಯುವುದು ಕಷ್ಟ. ಟಾಯ್ಲೆಟ್‌ಗೆ ಹೋಗುವಾಗಲೂ ಅದು ಜೊತೆಗೇ ಬರಬೇಕು. ವೀಲ್‌ಚೇರ್ ಕೇಳಿದ್ದರೂ ಅಷ್ಟೇ, ತಳ್ಳುವವರಿಗೆ ಇರುವುದು ಎರಡೇ ಕೈ, ಬ್ಯಾಗು ಕೂತವರ ತೊಡೆ ಮೇಲೆ ಬರುತ್ತದೆ.

ಅಪ್ಪ ಅಮ್ಮನ ಸಾಮಾನೆಲ್ಲ ಚೆಕ್-ಇನ್‌ಗೆ ಹೋಗಲಿ, ಹ್ಯಾಂಡ್ ಲಗೇಜಿನ ಏಳು ಕೆಜಿ ಬಿಟ್ಟುಹೋದರೂ ಹೋಗಲಿ. ಹೆಗಲಿಗೆ ಒಂದು ಚಿಕ್ಕ ಚೀಲ ಸಾಕು. ಅದರಲ್ಲಿ ಪಾಸ್‌ಪೋರ್ಟು, ಒಂದು ವಾರದ ಮಾತ್ರೆ, ಡಾಕ್ಟರ ಚೀಟಿ, ಕನ್ನಡಕ, ಒಂದು ಜೊತೆ ಬಟ್ಟೆ, ಶಾಲು. ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಅದು ಇದರಲ್ಲೇ ಇರಬೇಕು, ಕೆಳಗಿನ ಚಳಿಗೆ ಕೆಡಬಹುದು. ಮಕ್ಕಳ ವಿಳಾಸ, ಫೋನ್ ನಂಬರನ್ನು ಇಂಗ್ಲಿಷಿನಲ್ಲಿ ಬರೆದ ಒಂದು ಕಾಗದ ಚೀಲದಲ್ಲಿ, ಇನ್ನೊಂದು ಸೂಟ್‌ಕೇಸಿನ ಒಳಗೆ.

ಟಿಕೆಟ್ ಮಾಡಿಸುವ ಮಕ್ಕಳು ಇಲ್ಲೊಂದು ಗಮನ ಇಡಬೇಕು. ಎರಡು ವಿಮಾನವನ್ನೂ ಒಂದೇ ಟಿಕೆಟಿನಲ್ಲಿ ಮಾಡಿಸಿ. ನಾಲ್ಕು ಕಾಸು ಉಳಿಯುತ್ತದೆ ಅಂತ ಬೇರೆ ಬೇರೆ ಮಾಡಿಸಿದರೆ, ಅವರು ನಡುವಿನ ಊರಿನಲ್ಲಿ ಸೂಟ್‌ಕೇಸ್ ಬಿಡಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕಾಗಬಹುದು. ಅಮೆರಿಕದೊಳಗೆ ಇನ್ನೊಂದು ವಿಮಾನ ಹತ್ತುವುದಿದ್ದರೆ, ಒಂದೇ ಟಿಕೆಟ್ ಆದರೂ, ಮೊದಲು ಇಳಿಯುವ ಊರಿನಲ್ಲಿ ಸೂಟ್‌ಕೇಸ್ ತೆಗೆದುಕೊಂಡು ಕಸ್ಟಮ್ಸ್ ದಾಟಿ ಮತ್ತೆ ಹಾಕುವುದೇ ಸಾಮಾನ್ಯ ಕ್ರಮ. ಹಾಗಾಗಿ ದಾರಿ ಸ್ವಲ್ಪ ದುಬಾರಿಯಾದರೂ, ಮಕ್ಕಳಿರುವ ಊರಿಗೇ ನೇರ ಹೋಗುವ ವಿಮಾನ ಸಿಕ್ಕರೆ ಅದನ್ನೇ ಆರಿಸಿ.

ಬೆಂಗಳೂರಿನ ಕೌಂಟರ್‌ನಲ್ಲಿ ಟ್ಯಾಗ್ ಕಟ್ಟಿದ ಮೇಲೆ ಅದರ ಮೇಲಿರುವ ಮೂರು ಅಕ್ಷರ ನೋಡಿ. ಸ್ಯಾನ್ ಫ್ರಾನ್ಸಿಸ್ಕೋ ಆದರೆ ಎಸ್‌ಎಫ್‌ಓ ಅಂತಿರಬೇಕು. ನಡುವಿನ ಊರಿನ ಅಕ್ಷರ ಕಂಡರೆ ಅಲ್ಲೇ, ಸೂಟ್‌ಕೇಸ್ ಕಣ್ಣೆದುರು ಇರುವಾಗಲೇ ಕೇಳಿ. ಅವರು ಕೊಡುವ ಚಿಕ್ಕ ಸ್ಟಿಕ್ಕರ್‌ಗಳ ಫೋಟೋ ತೆಗೆದು ಮಕ್ಕಳಿಗೆ ವಾಟ್ಸಾಪ್ ಮಾಡಿ, ಸೂಟ್‌ಕೇಸಿನ ಫೋಟೋ ಕೂಡ.