ಹುಣಸೆ ಮರದ ಲೆಕ್ಕ

ಹಕ್ಕಿಗಳನ್ನು ನೋಡುವ ಹುಚ್ಚು ನನಗೆ ಹತ್ತಿದ್ದು ಮೈಸೂರಿನ ಕಾರಂಜಿ ಕೆರೆಯ ಏರಿಯ ಮೇಲೆ, ಬೆಳೆದದ್ದು ರಂಗನತಿಟ್ಟಿನಲ್ಲಿ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ ಪಕ್ಷಿಧಾಮವಾದ ಆ ನಡುಗಡ್ಡೆಗಳಲ್ಲಿ ಮನುಷ್ಯರಿಗೂ ಹಕ್ಕಿಗಳಿಗೂ ನಡುವೆ ಕಾವೇರಿ ಹರಿಯುತ್ತಾಳೆ; ನಾವು ಟಿಕೆಟ್ ಕೊಂಡು ದೋಣಿಯಲ್ಲಿ ಕುಳಿತು ನೋಡುತ್ತೇವೆ, ನೋಡಿ ಮನೆಗೆ ಮರಳುತ್ತೇವೆ. ನಡುವೆ ನದಿಯೇ ಇಲ್ಲದಿದ್ದರೆ ಈ ಪ್ರೀತಿ ಎಷ್ಟು ದಿನ ಬಾಳುತ್ತದೆ ಎಂಬ ಅನುಮಾನ ಹೊತ್ತು ನಾನು ಮೊದಲ ಬಾರಿಗೆ ಕೊಕ್ಕರೆ ಬೆಳ್ಳೂರಿಗೆ ಹೋದೆ.

ಮದ್ದೂರು ದಾಟಿ, ರುದ್ರಾಕ್ಷಿಪುರದ ಬಳಿ ಹೆದ್ದಾರಿಯನ್ನು ಬಿಟ್ಟು ಬಲಕ್ಕೆ ತಿರುಗಿದರೆ ಕಬ್ಬಿನ ಗದ್ದೆಗಳ ನಡುವಿನ ರಸ್ತೆ ಊರಿಗೆ ಮುಟ್ಟಿಸುತ್ತದೆ. (ಮದ್ದೂರಿನಲ್ಲಿ ವಡೆ ತಿನ್ನದೆ ಮುಂದೆ ಹೋಗುವುದು ನನ್ನಿಂದಾಗದ ಕೆಲಸ.) ಊರು ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ತಿಳಿಯುತ್ತದೆ: ಮೀನು ಮತ್ತು ಹಿಕ್ಕೆ ಬೆರೆತ ಗಾಢವಾದ ವಾಸನೆ. ಮನೆಗಳ ಹಿತ್ತಿಲ ಹುಣಸೆ ಮರಗಳಲ್ಲಿ, ಬೀದಿಯ ಅರಳಿ ಮರಗಳಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ (ಪೆಲಿಕನ್) ಗೂಡು ಕಟ್ಟಿದ್ದವು. ತಾಯಿಯ ಗಂಟಲ ಚೀಲದೊಳಕ್ಕೆ ಹೆಜ್ಜಾರ್ಲೆಯ ಮರಿ ತಲೆಯನ್ನೇ ತೂರಿಸಿ ಮೀನು ಕಕ್ಕಿಸಿಕೊಳ್ಳುವುದನ್ನು ಕತ್ತೆತ್ತಿ ನೋಡುತ್ತಿದ್ದಾಗ ನನ್ನ ಭುಜದ ಮೇಲೂ ಬಿಳಿಯ ಪ್ರಸಾದ ಬಿತ್ತು.

ಆ ಮರದ ಒಡತಿಯಾದ ಅಜ್ಜಿ ನಕ್ಕು, ಚೊಂಬಿನಲ್ಲಿ ನೀರು ತಂದುಕೊಟ್ಟರು. ಇದೆಲ್ಲ ತೊಂದರೆಯಲ್ಲವೇ ಅವ್ವ ಎಂದು ಕೇಳಿದ್ದಕ್ಕೆ ಅವರು, "ಹೆರಿಗೇಗೆ ತವ್ರಿಗೆ ಬಂದ ಹೆಣ್ಮಗಳ್ನ ಆಚೆಗೆ ಹೋಗು ಅನ್ನಕ್ಕಾಯ್ತದಾ ಮಗ?" ಎಂದರು. ಈ ಹೋಲಿಕೆಯನ್ನು ಆ ಊರಿನಲ್ಲಿ ಯಾರ ಬಾಯಲ್ಲಾದರೂ ಕೇಳಬಹುದು. ಬಂದವರೆಲ್ಲ ಅದನ್ನು ಬರೆದುಕೊಂಡು ಸಂತೋಷದಿಂದ ಹಿಂದಿರುಗುತ್ತಾರೆ; ನಾನೂ ಹಾಗೆಯೇ ಮಾಡಿದೆ.

ಆಮೇಲೆ ಓದತೊಡಗಿದಾಗ ಆ ಮಾತಿನ ಹಿಂದಿರುವ ಲೆಕ್ಕ ಅರ್ಥವಾಯಿತು. ಹಕ್ಕಿಗಳು ಬೀಡುಬಿಡುವುದು ಚಳಿಗಾಲದ ನಡುವಿನಿಂದ ಬೇಸಿಗೆಯ ಕೊನೆಯವರೆಗೆ; ಹುಣಸೆ ಹಣ್ಣಾಗುವುದೂ ಅದೇ ಕಾಲದಲ್ಲಿ. ಮರ ಹತ್ತಿ ಕೊಂಬೆ ಬಡಿದರೆ ಮೊಟ್ಟೆಗಳು ಉಳಿಯುವುದಿಲ್ಲವಾದ್ದರಿಂದ ಹಕ್ಕಿ ಕುಳಿತ ಮರದ ಫಸಲನ್ನು ಬಿಡಲೇಬೇಕು. ಅದಕ್ಕೆ ಪ್ರತಿಯಾಗಿ ದೊರೆಯುತ್ತಿದ್ದುದು ಹಿಕ್ಕೆ. ಮರದ ಬುಡಕ್ಕೆ ಕೆರೆಯ ಗೋಡು ಹರಡಿ, ಹಿಕ್ಕೆಯೊಡನೆ ಬೆರೆತ ಮೇಲೆ ಅದನ್ನು ಹೊಲಕ್ಕೆ ಸಾಗಿಸುತ್ತಿದ್ದರು. ಯೂರಿಯಾ ಮೂಟೆ ಕೈಗೆಟಕುವಂತಾದ ಮೇಲೆ ಲೆಕ್ಕದ ಈ ಬದಿ ಹಗುರಾಗದೆ ಇರಲು ಸಾಧ್ಯವಿಲ್ಲ. ಅರಣ್ಯ ಇಲಾಖೆ ಮರದ ಒಡೆಯರಿಗೆ ಕೊಡುವ ಪರಿಹಾರಧನವನ್ನು ನಾನು ಈ ಹಿನ್ನೆಲೆಯಲ್ಲಿ ನೋಡುತ್ತೇನೆ. ಅದು ದಾನವಲ್ಲ, ಬಾಕಿ.

ಕಾನೂನು ಈ ಊರನ್ನು ಗುರುತಿಸಿದ್ದು ತಡವಾಗಿ. ಖಾಸಗಿ ಮತ್ತು ಸಮುದಾಯದ ನೆಲವನ್ನು ಜನರಿಂದ ಕಿತ್ತುಕೊಳ್ಳದೆಯೇ ರಕ್ಷಿಸಲು ವನ್ಯಜೀವಿ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ ಸಮುದಾಯ ಮೀಸಲು ಎಂಬ ವರ್ಗ ಸೇರಿತು. 2007ರಲ್ಲಿ ಕೊಕ್ಕರೆ ಬೆಳ್ಳೂರು ಆ ಪಟ್ಟಿಗೆ ಬಂತು. ಊರವರಾದರೋ ಬಹಳ ಹಿಂದೆ ಪ್ಲೇಗಿನ ಕಾಲದಲ್ಲಿ ಶಿಂಷಾ ದಡದ ಹಳೆಯ ಊರನ್ನು ಬಿಟ್ಟು ಇಲ್ಲಿಗೆ ಬಂದಾಗ ಹಕ್ಕಿಗಳೂ ತಮ್ಮ ಹಿಂದೆಯೇ ಬಂದವೆಂದು ಹೇಳುತ್ತಾರೆ.

ಎರಡನೆಯ ಬಾರಿ ಹೋದಾಗ ಅಜ್ಜಿ ನನ್ನನ್ನು ಊಟಕ್ಕೆ ಕೂರಿಸಿದರು. ಮುದ್ದೆಗೆ ಬಿಟ್ಟ ಸಾರು ಹದವಾಗಿ ಹುಳಿಯಾಗಿತ್ತು. ಹಿತ್ತಿಲ ಮರದ್ದೇ ಹಣ್ಣೇ ಎಂದು ಕೇಳಿದೆ. ಅವರು ಬಾಗಿಲಾಚೆ, ಕೊಂಬೆಕೊಂಬೆಗೂ ಗೂಡಿದ್ದ ಮರವನ್ನೊಮ್ಮೆ ನೋಡಿ, "ಅಂಗಡೀದು," ಎಂದು ಇನ್ನೊಂದು ಸೌಟು ಬಡಿಸಿದರು.